ಫಿನ್ಲೆಂಡಿನ ಎಸ್ಥೆಟಿಕ್ ಗ್ರೂಪ್ ಜಿಮ್ನಾಸ್ಟ್ ಒಬ್ಬಳ ಕ್ರೀಡಾಜೀವನ ಹೇಗಿರುತ್ತದೆ?

ಈ ಕ್ರೀಡೆ ರಿದಮಿಕ್ ಜಿಮ್ನಾಸ್ಟಿಕ್ಸ್‌ನ ಇನ್ನೊಂದು ಹೆಸರೇ, ಇದರಿಂದ ಜೀವನೋಪಾಯ ನಡೆಯುತ್ತದೆಯೇ ಎಂದೂ ತಾವು ಕೇಳಿದ್ದೀರಿ. ನಾವು ನೆಲೆಸಿರುವ ಎಸ್ಪೂ ನಗರದಲ್ಲಿ ನನ್ನ ಮಗಳು ಹಲವು ವರ್ಷಗಳಿಂದ ಇದನ್ನು ಅಭ್ಯಾಸ ಮಾಡುತ್ತಿರುವುದರಿಂದ, ಹತ್ತಿರದಿಂದ ಕಂಡು ಅರಿತದ್ದನ್ನು ಬರೆಯುತ್ತೇನೆ.

ಎರಡೂ ಒಂದೇ ಅಲ್ಲ. ರಿದಮಿಕ್‌ನಲ್ಲಿ ಚೆಂಡು, ಹೂಪ್ ಎಂಬ ದೊಡ್ಡ ಬಳೆ, ರಿಬ್ಬನ್‌ಗಳಂಥ ಸಾಧನಗಳಿರುತ್ತವೆ. ಇಲ್ಲಿ ಕೈಯಲ್ಲಿ ಏನೂ ಇರುವುದಿಲ್ಲ. 13 ಮೀಟರ್ ಉದ್ದಗಲದ ಹಾಸಿನ ಮೇಲೆ ಆರರಿಂದ ಹತ್ತು ಮಂದಿ, ಸುಮಾರು ಎರಡೂವರೆ ನಿಮಿಷ, ಸಂಗೀತಕ್ಕೆ ತಕ್ಕಂತೆ ಒಂದೇ ದೇಹವೆಂಬಂತೆ ಚಲಿಸಬೇಕು. ಚಲನೆಯು ಸೊಂಟದ ಭಾಗದಿಂದ ಹುಟ್ಟಿ ಅಲೆಯಂತೆ ಬೆನ್ನು, ತೋಳು, ಬೆರಳ ತುದಿಯವರೆಗೆ ಹರಿಯಬೇಕು, ಮತ್ತು ಒಂದು ಚಲನೆ ಮುಗಿಯುವ ಮೊದಲೇ ಮುಂದಿನದು ಅದರೊಳಗಿಂದಲೇ ಮೂಡಬೇಕು ಎಂಬುದು ಇದರ ಜೀವಾಳ. ತಾಂತ್ರಿಕತೆ, ಕಲಾತ್ಮಕತೆ, ನಿರ್ವಹಣೆ ಈ ಮೂರಕ್ಕೂ ತೀರ್ಪುಗಾರರು ಪ್ರತ್ಯೇಕವಾಗಿ ಅಂಕ ಕೊಡುತ್ತಾರೆ. ಮೊದಲ ಸ್ಪರ್ಧೆಯಲ್ಲಿ ನಾನು ಮಗಳೊಬ್ಬಳನ್ನೇ ನೋಡುತ್ತ ಕುಳಿತಿದ್ದೆ; ಅಂಕ ಬಂದಾಗ ಅದು ಇಡೀ ತಂಡದ್ದು, ಅದರಲ್ಲಿ ಅವಳದೆಂದು ಬೇರ್ಪಡಿಸಬಹುದಾದದ್ದು ಏನೂ ಇಲ್ಲ ಎಂಬುದು ಅರಿವಾಯಿತು.

ಈ ಕ್ರೀಡೆಗೆ ಫಿನ್ಲೆಂಡ್ ತವರಾದದ್ದು ಆಕಸ್ಮಿಕವಲ್ಲ. ಎಲಿನ್ ಕಲ್ಲಿಯೊ ಎಂಬ ಶಿಕ್ಷಕಿ 1876ರಲ್ಲಿ ಹೆಲ್ಸಿಂಕಿಯಲ್ಲಿ ಮಹಿಳೆಯರಿಗಾಗಿಯೇ ಜಿಮ್ನಾಸ್ಟಿಕ್ಸ್ ಸಂಘವನ್ನು ಸ್ಥಾಪಿಸಿದರು. 1896ರಲ್ಲಿ ರಾಷ್ಟ್ರಮಟ್ಟದ ಒಕ್ಕೂಟವೂ ರೂಪುಗೊಂಡಿತು. ಮೊದಲ ವಿಶ್ವ ಚಾಂಪಿಯನ್‌ಶಿಪ್ 2000ದಲ್ಲಿ ನಡೆದದ್ದೂ ಫಿನ್ಲೆಂಡಿನಲ್ಲಿ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ದೇಶದ ಪರವಾಗಿ ಕಣಕ್ಕಿಳಿಯುವುದು ಆಯ್ದ ಆಟಗಾರ್ತಿಯರ ಕೂಟವಲ್ಲ, ಕ್ಲಬ್ಬಿನ ತಂಡವೇ. ಆದ್ದರಿಂದ ಐದಾರು ವರ್ಷದವಳಾಗಿದ್ದಾಗ ಜೊತೆಗೆ ಸೇರಿದ ಗೆಳತಿಯರೊಂದಿಗೇ ಹದಿನಾರು ದಾಟಿ ಹಿರಿಯರ ವಿಭಾಗಕ್ಕೆ ಬರುವವರೂ ಇದ್ದಾರೆ. ಅಂಥವರ ಹೊಂದಾಣಿಕೆಯನ್ನು ಹೊಸದಾಗಿ ಕೂಡಿಸಿದ ತಂಡಕ್ಕೆ ಕಲಿಸಲಾಗದು ಎಂಬುದು ನನ್ನ ಅಭಿಪ್ರಾಯ.

ಜೀವನೋಪಾಯದ ವಿಷಯದಲ್ಲಿ ನೇರವಾಗಿ ಹೇಳುವುದಾದರೆ, ನಡೆಯುವುದಿಲ್ಲ. ಇದು ಒಲಿಂಪಿಕ್ ಕ್ರೀಡೆಯಲ್ಲ. ವಾರದ ಬಹುತೇಕ ಸಂಜೆಗಳು ಅಭ್ಯಾಸಕ್ಕೆ ಹೋಗುತ್ತವೆ, ಬೆನ್ನು ಮತ್ತು ಸೊಂಟದ ನೋವು ಹಲವರನ್ನು ಕಾಡುತ್ತದೆ, ಶುಲ್ಕ, ಉಡುಪು, ಪ್ರಯಾಣಗಳ ಖರ್ಚಿನ ಹೆಚ್ಚಿನ ಪಾಲನ್ನು ಮನೆಯವರೇ ಭರಿಸುತ್ತಾರೆ. ಸ್ಪರ್ಧೆಯ ದಿನ ಕಾಫಿ, ತಿಂಡಿ ಮಾರಿ ತಂಡಕ್ಕೆ ಹಣ ಕೂಡಿಸುವವರು ಪೋಷಕರು. ಇಂಥ ಕೂಡಿ ದುಡಿಯುವ ಪದ್ಧತಿಗೆ ಇಲ್ಲಿ ತಲ್ಕೋತ್ ಎನ್ನುತ್ತಾರೆ. ವಿಶ್ವಮಟ್ಟದಲ್ಲಿ ಸ್ಪರ್ಧಿಸುವವರೂ ವಿಶ್ವವಿದ್ಯಾಲಯದ ಓದನ್ನೋ ಉದ್ಯೋಗವನ್ನೋ ಜೊತೆಗೇ ನಡೆಸುತ್ತಾರೆ, ಮೂವತ್ತಕ್ಕೆ ಮುನ್ನವೇ ಸಾಮಾನ್ಯವಾಗಿ ಸ್ಪರ್ಧೆಯಿಂದ ನಿವೃತ್ತರಾಗುತ್ತಾರೆ.

ಆದರೂ ಕ್ಲಬ್ಬಿನ ನಂಟು ಬಿಡುವವರು ಕಡಿಮೆ; ಕೆಲವರು ತರಬೇತುದಾರರಾಗುತ್ತಾರೆ, ಕೆಲವರು ತೀರ್ಪುಗಾರರಾಗುತ್ತಾರೆ. ನನ್ನ ಮಗಳಿಗೆ ಈಗ ಹದಿನೇಳು. ಪ್ರತಿ ಶನಿವಾರ ಬೆಳಿಗ್ಗೆ, ತನ್ನ ಅಭ್ಯಾಸಕ್ಕೂ ಮೊದಲು, ಆರು ವರ್ಷದ ಪುಟ್ಟ ಹುಡುಗಿಯರಿಗೆ ಒಟ್ಟಿಗೆ ಉಸಿರೆಳೆದು ಒಟ್ಟಿಗೆ ತೋಳೆತ್ತುವುದನ್ನು ಕಲಿಸುತ್ತಿದ್ದಾಳೆ.