ಬಿಟ್ಟು ಬಂದವರ ಗುಂಪಿನ ಅಡ್ಮಿನ್

ಸಿಂಧನೂರು ಕಡೆಯ ಈ ಹೆಣ್ಣುಮಗಳನ್ನು ಶಾರದಾ ಎಂದು ಕರೆಯುತ್ತೇನೆ. ಹೆಸರು, ಮನೆತನ, ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದ್ದೇನೆ; ಬರೆಯಲು ಅವರ ಒಪ್ಪಿಗೆ ಇದೆ. ರಾತ್ರಿ ನಿದ್ದೆಯಿಲ್ಲ, ಮೊಬೈಲ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ರಾಯಚೂರಿಗೆ ಬಂದು ಸಲಹೆಗಾಗಿ ನನ್ನನ್ನು ಕಂಡರು.

ಕೆಲವು ವರ್ಷ ಅವರು ಒಂದು ನೇರ ಮಾರಾಟದ ಕಂಪನಿಯಲ್ಲಿದ್ದರು. ಊರಲ್ಲಿ ಅದಕ್ಕೆ ಚೈನ್ ಲಿಂಕ್ ಅನ್ನುತ್ತಾರೆ. ಸೋಪು, ಪ್ರೋಟೀನ್ ಪುಡಿ ಕೊಳ್ಳಬೇಕು, ಬೇರೆಯವರ ಐಡಿ ಹಾಕಿಸಬೇಕು, ಅಂದರೆ ಅವರನ್ನು ಸದಸ್ಯರಾಗಿ ಸೇರಿಸಬೇಕು, ತನ್ನ ಕೆಳಗೆ ಎಡ ಬಲ ಎರಡೂ ಕಡೆ ಜನ ಬೆಳೆದರೆ ಕಮಿಷನ್. ಸೇರಿಸಿದ್ದು ಸ್ವಂತ ವೈನಿ, ಅಂದರೆ ಅಣ್ಣನ ಹೆಂಡತಿ; ಹೀಗೆ ಮೇಲಿದ್ದು ಸೇರಿಸಿದವರಿಗೆ ಅಪ್‌ಲೈನ್ ಅನ್ನುತ್ತಾರೆ. ಭತ್ತ ಮಾರಿ ಮನೆಮನೆಯಲ್ಲಿ ಹಣ ಓಡಾಡುವ ಹೊತ್ತಿಗೆ ಕಲ್ಯಾಣ ಮಂಟಪದಲ್ಲಿ ಮೀಟಿಂಗ್ ನಡೆಯುತ್ತಿತ್ತು. ಕೊನೆಗೆ ಉಳಿದದ್ದು ಮಾರಾಟವಾಗದ ಡಬ್ಬಿಗಳು ಮತ್ತು ಸ್ತ್ರೀಶಕ್ತಿ ಸಂಘದ ಸಾಲದ ಕಂತು. ಬಿಟ್ಟರು. ತಮ್ಮಂತೆ ಹೊರಬಂದವರು ಸರಕು ವಾಪಸ್ ಕೊಟ್ಟು ಹಣ ಕೇಳುವುದು ಹೇಗೆಂದು ತಿಳಿಯಲಿ ಎಂದು ಒಂದು ವಾಟ್ಸಾಪ್ ಗುಂಪು ಮಾಡಿದರು. ಗಂಗಾವತಿ, ಸಿರುಗುಪ್ಪದವರೂ ಬಂದು ಸೇರಿಕೊಂಡರು.

"ಒಬ್ಬರು, ಎಲ್ಲಾ ಕಳ್ಳರು, ಅಪ್‌ಲೈನ್‌ನವರ ಮನಿ ಮುಂದ ಹೋಗಿ ಕೂಡೂನು ಅಂತಾರ. ಇನ್ನೊಬ್ಬರು, ದುಡಿಲಾರದವರು ಕಂಪನಿ ಬೈತಾರ ಅಂತ ಹಾಕ್ತಾರ್ರೀ. ನಾ ಎರಡೂ ಅಳಿಸ್ತೀನಿ. ಅವರು ನನ್ನ ಕಂಪನಿ ಏಜೆಂಟ್ ಅಂತಾರ, ಇವರು ಹೊಟ್ಟಿಕಿಚ್ಚಿನಾಕಿ ಅಂತಾರ. ನಾ ಯಾರ ಕಡೀನೂ ಇಲ್ರೀ ಮೇಡಂ, ನಡುವ ಅದೀನಿ."

ನಾನು ಕೇಳಿದ್ದು ಒಂದೇ: "ನೀವು ಐಡಿ ಹಾಕಿಸಿದವರು ಯಾರಾದರೂ ಆ ಗುಂಪಿನಲ್ಲಿ ಇದ್ದಾರೇನು?"

ಬಹಳ ಹೊತ್ತಿನ ಮೇಲೆ ಹೇಳಿದರು. ಪಕ್ಕದ ಮನೆಯ ಹೊಲಿಗೆಯಾಕೆ, ಗಂಡ ಇಲ್ಲ. ಶಾರದಾ ಅವರ ಮಾತಿನ ಮೇಲೆ ಸಂಘದಲ್ಲಿ ಸಾಲ ಎತ್ತಿ ಸೇರಿದ್ದಳು. ಗುಂಪಿನಲ್ಲಿದ್ದಾಳೆ, ಈವರೆಗೆ ಒಂದಕ್ಷರ ಬರೆದಿಲ್ಲ. "ಆಕಿ ಏನರ ಬೈದಿದ್ರ ಚಲೋ ಇತ್ತರೀ."

ಗಂಟು ಇರುವುದು ಇಲ್ಲಿ. ಒಂದು ಕಡೆ ತನ್ನನ್ನು ಸೇರಿಸಿದ ವೈನಿ, ಇನ್ನೊಂದು ಕಡೆ ತಾನು ಸೇರಿಸಿದ ನೆರೆಯಾಕೆ. ಇಬ್ಬರಲ್ಲಿ ಯಾರಿಗೂ ಉತ್ತರ ಕೊಡಬೇಕಾಗದ ಜಾಗ ಯಾವುದು ಎಂದು ಹುಡುಕಿದಾಗ ಶಾರದಾ ಅವರಿಗೆ ಸಿಕ್ಕದ್ದು ಆ "ನಡುವೆ". ಚೈನ್‌ನ ಕಟ್ಟಡವೇ ಹಾಗಿದೆ: ಮೇಲಿನವರಿಂದ ಕಳೆದುಕೊಂಡವರೇ ಕೆಳಗಿನವರಿಂದ ಪಡೆದಿರುತ್ತಾರೆ. 1978ರ ಪ್ರೈಜ್ ಚಿಟ್ಸ್ ಮತ್ತು ಮನಿ ಸರ್ಕ್ಯುಲೇಷನ್ ನಿಷೇಧ ಕಾಯ್ದೆಯೂ ಜನರನ್ನು ಸೇರಿಸುವುದರ ಮೇಲೆ ಹಣ ಸಿಗುವ ಯೋಜನೆ ನಡೆಸುವವರ ಜೊತೆಗೆ ಅದರಲ್ಲಿ ಸದಸ್ಯರಾಗುವುದನ್ನೂ ಪಾಲ್ಗೊಳ್ಳುವುದನ್ನೂ ನಿಷೇಧಿಸುತ್ತದೆ. ಹೀಗಾಗಿ ಇಂಥ ಗುಂಪಿನಲ್ಲಿ ಸಿಟ್ಟಿನ ಒಳಗೆ ಅಂಜಿಕೆ ಇರುತ್ತದೆ. ಎಲ್ಲರಿಗಿಂತ ಜೋರಾಗಿ ಕೂಗುವವರು ಎಲ್ಲರಿಗಿಂತ ಹೆಚ್ಚು ಐಡಿ ಹಾಕಿಸಿದವರಾಗಿರುವುದನ್ನು ನಾನು ಕಂಡಿದ್ದೇನೆ. ಅವರನ್ನು ಬರೀ ಜಗಳಗಂಟರೆಂದು ತಳ್ಳಬೇಡಿ ಎಂದು ಶಾರದಾ ಅವರಿಗೆ ಹೇಳಿದೆ.

ಆಮೇಲೆ ಹೇಳಿದ್ದು ಇದು. ನೀವು ನಡುವಿನವರಲ್ಲ, ಕಕ್ಷಿದಾರರು. ಅದನ್ನು ಗುಂಪಿನಲ್ಲಿ ಮೊದಲು ಬರೆಯಿರಿ. ಇಬ್ಬರೂ ಕೂತು ನಾಲ್ಕು ಸಾಲು ಸಿದ್ಧಮಾಡಿದೆವು: ನಾನೂ ಸೇರಿದ್ದೆ, ನಾನೂ ಜನರನ್ನು ಸೇರಿಸಿದ್ದೆ, ನನ್ನ ಮನೆಯವರೊಬ್ಬರು ಇನ್ನೂ ಅದರಲ್ಲಿದ್ದಾರೆ, ಅದನ್ನು ತಿಳಿದೇ ನನ್ನ ಮಾತು ತೂಗಿನೋಡಿ. ಅಳಿಸುವ ಅಧಿಕಾರ ಒಬ್ಬರ ಕೈಯಲ್ಲಿ ಬೇಡ, ಬೇರೆ ಬೇರೆ ಲೈನ್‌ಗಳಿಂದ ಬಂದ ಇನ್ನಿಬ್ಬರು ಅಡ್ಮಿನ್ ಆಗಲಿ.

ಮನುಷ್ಯರ ವಿಷಯದಲ್ಲಿ ಸಮಭಾವ ಬೇಕು. ಇನ್ನೂ ಕಂಪನಿಯಲ್ಲಿರುವವರು ಗುಂಪಿಗೆ ಬಂದು ಓದಿದರೆ ಅಣಕಿಸಬೇಡಿ, ಹೊರಗೆ ಹಾಕಬೇಡಿ. ಒಳ್ಳೇದಾಯ್ತು ಅನ್ನುವವರೂ ತಮ್ಮ ಅನುಭವ ಹೇಳಲಿ. ಆದರೆ ಲೆಕ್ಕ ಮತ್ತು ಕಾನೂನಿನ ವಿಷಯದಲ್ಲಿ ಎರಡೂ ಕಡೆ ಸರಿ ಅನ್ನುವುದು ಅನ್ಯಾಯ. ಸೇರಲು ಫೀ ಕೇಳುತ್ತಾರೆ ಎಂದು ಯಾರಾದರೂ ಬರೆದರೆ ಅಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ: 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟ ನಿಯಮಗಳು ಪ್ರವೇಶ ಶುಲ್ಕವನ್ನೂ, ಜನರನ್ನು ಸೇರಿಸಿದ್ದಕ್ಕೇ ಹಣ ಸಿಗುವ ಪಿರಮಿಡ್ ಯೋಜನೆಯನ್ನೂ ನಿಷೇಧಿಸಿವೆ. ಮಾರಲು ಯೋಗ್ಯವಾಗಿರುವ ಸರಕನ್ನು ಮರಳಿ ಕೊಳ್ಳುವ ವ್ಯವಸ್ಥೆಯನ್ನು ಕಂಪನಿ ಇಡಬೇಕು, ಗ್ರಾಹಕರ ದೂರು ಬಂದರೆ ಕೆಲಸದ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಬಗೆಹರಿಸಬೇಕು. ಗ್ರಾಹಕ ಸಹಾಯವಾಣಿ 1915. ತಮ್ಮ ಮೇಲೇ ಕೇಸು ಬರಬಹುದೆಂಬ ಅಂಜಿಕೆ ಇದ್ದವರು ಗುಂಪಿನಲ್ಲಿ ಕೇಳದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ರಾತ್ರಿ ಒಬ್ಬರು "ಬದುಕೂದ ಬ್ಯಾಡ ಅನಸ್ತೈತಿ" ಎಂದು ಬರೆದಿದ್ದರಂತೆ. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳಿದೆ: ಅಂಥ ಸಾಲು ಕಂಡ ಕೂಡಲೇ ಫೋನ್ ಹಚ್ಚಬೇಕು, ಸಾಯುವ ವಿಚಾರ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು, ಅವರ ಊರಿನಲ್ಲಿ ಹತ್ತಿರದವರನ್ನು ಮನೆಗೆ ಕಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತಾಡಬಹುದು. ಆದರೆ ಎಲ್ಲರನ್ನೂ ರಾತ್ರಿಯಿಡೀ ಕಾಯುವುದು ಒಬ್ಬ ಹೆಂಗಸಿನ ಕೈಯಲ್ಲಾಗದು. ಮೂವರು ಅಡ್ಮಿನ್‌ಗಳು ಸರದಿ ಹಾಕಿಕೊಳ್ಳಬೇಕು.

ಹೊಲಿಗೆಯಾಕೆಯ ಮನೆಗೆ ಹೋಗುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಗುಂಪಿನಲ್ಲಿ ಕ್ಷಮೆ ಕೇಳಿಬಿಡುತ್ತೇನೆ ಅಂದರು. ಬೇಡವೆಂದೆ. ನೂರಾರು ಜನರ ಮುಂದೆ ಕೇಳಿದರೆ ಆಕೆಗೆ "ಇಲ್ಲ" ಅನ್ನುವ ದಾರಿಯೇ ಇರುವುದಿಲ್ಲ. ಸಂಘದ ಪಾಸ್‌ಬುಕ್ ತರಿಸಿ, ಎಷ್ಟು ಕಂತು ಉಳಿದಿವೆ, ಅದರಲ್ಲಿ ನಿಮ್ಮ ಕೈಲಾದದ್ದೆಷ್ಟು ಎಂದು ಕೂತು ಲೆಕ್ಕ ಹಾಕಿ. ಕ್ಷಮಿಸುವುದು ಬಿಡುವುದು ಆಕೆಗೆ ಬಿಟ್ಟದ್ದು. ವೈನಿಯ ಮನಸ್ಸು ತಿರುಗಿಸುವ ಕೆಲಸವನ್ನೂ ಸದ್ಯ ತಲೆ ಮೇಲೆ ಹೊರಬೇಡಿ. "ಬಿಸಿನೆಸ್ ಮಾತು ಬ್ಯಾಡ ವೈನಿ, ಉಳಿದದ್ದು ಏನಿದ್ರೂ ಮಾತಾಡೂನು" ಅಂದರೆ ಸಾಕು.

ಆ ನಾಲ್ಕು ಸಾಲು ಹಾಕಿದ ದಿನ ಕೆಲವರು ಗುಂಪು ಬಿಟ್ಟರು. ಉಳಿದವರಲ್ಲಿ ತಾವೂ ಸೇರಿಸಿದ್ದೆವು ಎಂದು ಬರೆದವರು ಇದ್ದರು. ನಿದ್ದೆ ಸುಧಾರಿಸಿದೆ, ಸರದಿಯಿಲ್ಲದ ರಾತ್ರಿ ಫೋನ್ ಅಡಿಗೆ ಮನೆಯಲ್ಲಿರುತ್ತದೆ. ಹೊಲಿಗೆಯಾಕೆ ಕಂತಿನ ಅರ್ಧ ತೆಗೆದುಕೊಳ್ಳಲು ಒಪ್ಪಿದ್ದಾಳೆ, ಮೊದಲಿನಂತೆ ಮಾತಿಲ್ಲ. ವೈನಿಯ ಮಗಳ ಮದುವೆ ಹತ್ತಿರ ಬಂದಿದೆ, ಅಲ್ಲಿಗೆ ಕಂಪನಿಯವರೆಲ್ಲ ಬರುತ್ತಾರೆ. ಹೋಗಬೇಕೋ ಬೇಡವೋ, ಹೋದರೆ ಎಷ್ಟು ಹೊತ್ತು ಇರಬೇಕು ಎನ್ನುವುದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.