ಕೆಲಸ ಹೋದ ಕೂಡಲೇ ಪಾಪರ್ ಅರ್ಜಿ ಹಾಕಬಹುದಾ?

ಬೈಕಂಪಾಡಿಯ ಕೆಲಸ ಹೋಗಿ ಎರಡು ತಿಂಗಳಾಯ್ತು, ಮನೆ ಸಾಲ, ಪರ್ಸನಲ್ ಲೋನ್, ಎರಡು ಕ್ರೆಡಿಟ್ ಕಾರ್ಡ್ ಇದೆ, ಪಾಪರ್ ಅರ್ಜಿ (ಅಂದರೆ ದಿವಾಳಿ ಅರ್ಜಿ) ಹಾಕಿದರೆ ಎಲ್ಲ ಮುಗಿಯುತ್ತಾ ಅಂತ ಕೇಳಿದ್ದೀರಿ. ಕೆಲವು ವರ್ಷದ ಹಿಂದೆ ಉಡುಪಿಯಲ್ಲಿ ನನ್ನ ಕೆಲಸ ಹೋದಾಗ ನಾನೂ ಇದೇ ಪ್ರಶ್ನೆ ಹಿಡಿದು ವಕೀಲರ ಹತ್ತಿರ ಹೋಗಿದ್ದೆ.

ಹಾಕಬಹುದು. ಆದರೆ ಈಗಲೇ ಬೇಡ ಮಾರಾಯ್ರೇ.

2016ರ ದಿವಾಳಿ ಸಂಹಿತೆಯ ಬಗ್ಗೆ ವಿಡಿಯೋ ನೋಡಿರುತ್ತೀರಿ. ಅದರಲ್ಲಿ ವ್ಯಕ್ತಿಗಳ ದಿವಾಳಿಯ ಭಾಗ ನಮ್ಮಂಥ ಸಂಬಳದವರಿಗೆ ಜಾರಿಗೇ ಬಂದಿಲ್ಲ. 2019ರ ಡಿಸೆಂಬರ್‌ನಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಬಂದಿದೆ. ನಮಗಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅರ್ಜಿ ಜಿಲ್ಲಾ ಕೋರ್ಟಿಗೆ. ಸಾಲ 500 ರೂಪಾಯಿ ಇದ್ದರೂ ಸಾಕು ಅನ್ನುತ್ತದೆ ಕಾಯ್ದೆ, ಅಷ್ಟು ಹಳೇ ಲೆಕ್ಕ ಅದು. ತೀರಿಸುವ ಶಕ್ತಿ ಇಲ್ಲ ಅಂತ ತೋರಿಸಬೇಕು. ಅದಕ್ಕೆ ಕೆಲಸದಿಂದ ತೆಗೆದ ಪತ್ರ ಒಳ್ಳೇ ಸಾಕ್ಷಿ.

ನಮ್ಮ ವಕೀಲರು ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆದರು. ಎಡಕ್ಕೆ ಕಾರ್ಡ್, ಪರ್ಸನಲ್ ಲೋನ್. ಬಲಕ್ಕೆ ಮನೆ ಸಾಲ, ಹೆಂಡತಿಯ ಬಳೆ ಅಡವಿಟ್ಟ ಚಿನ್ನದ ಸಾಲ. ಬಲಗಡೆಗೆ ಬೆರಳಿಟ್ಟು, "ನೀವು ಪಾಪರ್ ಆದರೂ ಇವರು ನಿಲ್ಲುವುದಿಲ್ಲ, ಅಡವಿಟ್ಟದ್ದನ್ನು ಮಾರಿ ವಸೂಲಿ ಮಾಡುತ್ತಾರೆ" ಅಂದರು. ನನಗೆ ಹೊಟ್ಟೆಯೊಳಗೆ ತಣ್ಣಗಾಯ್ತು. ನಾನು ಉಳಿಸಬೇಕು ಅಂದುಕೊಂಡಿದ್ದದ್ದೇ ಮನೆ.

ಇನ್ನೊಂದು ವಿಷಯ. ಕೋರ್ಟ್ ದಿವಾಳಿ ಅಂತ ಘೋಷಿಸಿದರೆ ನಿಮ್ಮ ಆಸ್ತಿ ಕೋರ್ಟ್ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದವರು) ಕೈಗೆ ಹೋಗುತ್ತದೆ. ಕೋರ್ಟಿನಿಂದ ದಿವಾಳಿತನದಿಂದ ಪೂರ್ತಿ ಬಿಡುಗಡೆ ಸಿಗುವ ಮೊದಲು ಹೊಸದಾಗಿ ಬಂದ ಆಸ್ತಿಯೂ ಅದರಲ್ಲಿ ಸೇರುತ್ತದೆ. ಅಂದರೆ ನಾಲ್ಕು ತಿಂಗಳಲ್ಲಿ ಕೆಲಸ ಸಿಗುವವರು ಇವತ್ತಿನ ಕಷ್ಟ ನೋಡಿ ಅರ್ಜಿ ಹಾಕಿದರೆ, ನಾಳಿನ ಗಳಿಕೆಯನ್ನೂ ಸಿಕ್ಕಿಸಿಕೊಂಡಂತೆ. ನಿಮಗೆ ಕೆಲಸ ಸಿಗುವ ವಯಸ್ಸಿದೆ ಅಲ್ವಾ?

ಹೆದರಿ ಈ ಎರಡು ತಪ್ಪು ಮಾಡಬೇಡಿ. ಮನೆಯನ್ನು ಸುಮ್ನೆ ಹೆಂಡತಿಯ ಅಥವಾ ತಮ್ಮನ ಹೆಸರಿಗೆ ದಾನಪತ್ರ ಮಾಡಬೇಡಿ. ಆಮೇಲೆ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದರೆ ಕೋರ್ಟ್ ಅದನ್ನು ರದ್ದು ಮಾಡಬಹುದು. ಪಿಎಫ್ ತೆಗೆದು ಕಾರ್ಡಿಗೆ ಸುರಿಯಬೇಡಿ. ಪಿಎಫ್ ಖಾತೆಯಲ್ಲಿ ಇರುವವರೆಗೆ ಅದನ್ನು ಸಾಲ ಕೊಟ್ಟವರು ಜಪ್ತಿ ಮಾಡುವಂತಿಲ್ಲ. ಇದು ಗೊತ್ತಿಲ್ಲದೆ ನಾನು ತೆಗೆದು ಮೂರು ತಿಂಗಳು ಮಿನಿಮಮ್ ಡ್ಯೂ ಕಟ್ಟಿದೆ. ಬಡ್ಡಿಯೇ ಎಲ್ಲವನ್ನೂ ನುಂಗಿತು. ಮಗಳ ಫೀಸಿಗೆ ಆ ದುಡ್ಡು ಇರಬೇಕಿತ್ತು ಅಂತ ಈಗಲೂ ಬೇಜಾರಾಗುತ್ತದೆ.

ಜೈಲಿನ ಭಯ ಇದ್ದರೆ, ದುಡ್ಡಿಲ್ಲದೆ ಸಾಲ ತೀರಿಸಲಾಗದವರನ್ನು ಅದೊಂದೇ ಕಾರಣಕ್ಕೆ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಚೆಕ್ ಬೌನ್ಸ್ ಮಾತ್ರ ಬೇರೆ ಕೇಸು. ಚೆಕ್ ಕೊಟ್ಟಿದ್ದರೆ ಮೊದಲು ವಕೀಲರಿಗೆ ಹೇಳಿ. ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡಿದರೆ ಸಮಯ ಬರೆದಿಡಿ. ಅದು ರಿಸರ್ವ್ ಬ್ಯಾಂಕ್ ನಿಯಮಕ್ಕೆ ವಿರುದ್ಧ. ಮೊದಲು ಬ್ಯಾಂಕಿಗೆ ಬರೆದು, ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ಕೇಳುವ ಅಧಿಕಾರಿ) ದೂರು ಕೊಡಬಹುದು.

ಈ ವಾರವೇ ಮನೆ ಸಾಲದ ಬ್ರಾಂಚಿಗೆ ಹೋಗಿ. ಕೆಲಸ ಹೋದ ಪತ್ರದ ಕಾಪಿ ಇಟ್ಟು, ಕಂತು ಕಡಿಮೆ ಮಾಡಿ ಅವಧಿ ಜಾಸ್ತಿ ಮಾಡಿ ಅಂತ ಬರಹದಲ್ಲಿ ಕೇಳಿ. ಸೀಲ್ ಹಾಕಿದ ಪ್ರತಿ ಬಿಡಬೇಡಿ. ನನ್ನ ಮನೆ ಉಳಿದದ್ದು ಆ ಒಂದು ಪತ್ರದಿಂದ. ಆಮೇಲೆ ಮಂಗಳೂರು ಕೋರ್ಟಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಎಲ್ಲ ಕಾಗದ ತೆಗೆದುಕೊಂಡು ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕಾರ್ಡಿನವರ ಜೊತೆ ಲೋಕ ಅದಾಲತ್‌ನಲ್ಲಿ ರಾಜಿಗೆ ಅವರೇ ದಾರಿ ಹೇಳುತ್ತಾರೆ. ಅಷ್ಟಾದರೂ ಎಡಗಡೆಯ ಸಾಲ ಕೈಗೆ ಸಿಗದಿದ್ದರೆ, ಕೆಲಸವೂ ಆಗದಿದ್ದರೆ, ಆಗ ಅರ್ಜಿಯ ಮಾತು ತೆಗೆಯಿರಿ.