ಹೆಬ್ಬಾಗಿಲ ಜೊತೆ ಲಾಳಿಗೂ ಜಾಗ ಬೇಕು

ಪ್ರಶ್ನೆ: ನನ್ನ ಗಂಡನ ಊರು ಸಾಗರದ ಹತ್ತಿರ. ಮಾವ ತೀರಿಕೊಂಡ ಮೇಲೆ ಹಳೇ ಮನೆ ಕೆಡವಿ ಮರಮಟ್ಟು ಹಂಚಿಕೊಂಡರು. ಬೀಟೆಯ ಹೆಬ್ಬಾಗಿಲು, ಉಯ್ಯಾಲೆ ಹಲಗೆ, ಮೆತ್ತಿಗೆ, ಅಂದರೆ ಮಹಡಿಗೆ, ಹಾಸಿದ್ದ ಹಲಸಿನ ಹಲಗೆಗಳು ನಮ್ಮ ಪಾಲಿಗೆ ಬಂದಿವೆ. ಸದ್ಯಕ್ಕೆ ಎಲ್ಲ ಊರಲ್ಲೇ ಇವೆ. ನಮ್ಮದು ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು. ಹೆಬ್ಬಾಗಿಲನ್ನು ಊಟದ ಮೇಜು ಮಾಡಿಸಬೇಕು, ಹಾಲಿನಲ್ಲಿ ಉಯ್ಯಾಲೆ ತೂಗುಹಾಕಬೇಕು, ಒಳಗೆ ಬಂದರೆ ಊರ ಮನೆಗೆ ಬಂದ ಹಾಗಿರಬೇಕು ಅಂತ ಇವರ ಆಸೆ. ಬಡಗಿಗೆ ಅಡ್ವಾನ್ಸ್ ಕೊಟ್ಟಾಗಿದೆ. ನಮ್ಮ ಜೊತೆಗಿರುವ ಅತ್ತೆ, 'ಪೂಜೆ ಮಾಡಿದ ಬಾಗಿಲ ಮೇಲೆ ಎಂಜಲು ತಟ್ಟೆ ಇಡೋದಾ?' ಅಂದು ಸುಮ್ಮನಾದರು. ನಾನು ಗುಳೇದಗುಡ್ಡದವಳು. ಅಪ್ಪ ಕುಪ್ಪಸದ ಖಣ ನೇಯುತ್ತಿದ್ದರು. ಅವರು ಹೋದ ಮೇಲೆ ಮನೆ ಮಾರಿದರು, ಮಗ್ಗವೂ ಹೋಯಿತು. ಅವ್ವನ ಹತ್ತಿರ ಮಗ್ಗದಲ್ಲಿ ನೂಲು ಹಾಯಿಸುವ ಎರಡು ಲಾಳಿ, ಒಂದಿಷ್ಟು ಖಣ ಉಳಿದಿವೆ. ಇವರ ನಕ್ಷೆ ನೋಡಿದಾಗೆಲ್ಲ ಇದರಲ್ಲಿ ನನ್ನದೇನಿದೆ ಅಂತ ಸಂಕಟವಾಗುತ್ತೆ. ಗಂಡ ದುಃಖದಲ್ಲಿರುವಾಗ ಇದನ್ನು ಹೇಳಿದರೆ ಸಣ್ಣತನವಾಗುತ್ತಾ?
– ಸ., ಬೆಂಗಳೂರು

ಪ್ರೀತಿಯ ಸ. ಅವರೇ,

ಸಣ್ಣತನ ಖಂಡಿತ ಅಲ್ಲ. ಅಪ್ಪನ ಜೊತೆ ಅಪ್ಪನ ಮನೆಯೂ ಹೋದ ನೋವು ನಿಮ್ಮ ಗಂಡನಿಗೆ ಈಗ ಬಂದಿದೆ. ನಿಮಗೆ ಮೊದಲೇ ಬಂದಿತ್ತು. ಅವರಿಗೆ ಹೆಬ್ಬಾಗಿಲಾದರೂ ಸಿಕ್ಕಿತು, ನಿಮಗೆ ಒಂದು ಹಲಗೆಯೂ ಸಿಗಲಿಲ್ಲ. ಇದನ್ನು ಅವರಿಗೆ ಹೇಳಲೇಬೇಕು. ಆದರೆ 'ನನ್ನದೇನಿದೆ ಇಲ್ಲಿ?' ಅಂತ ಶುರು ಮಾಡಿದರೆ ಮಾತು ಜಗಳಕ್ಕೆ ತಿರುಗುತ್ತೆ. 'ನಿಮಗೆ ಏನಾಗ್ತಿದೆ ಅಂತ ನನಗೆ ಗೊತ್ತು, ಮಗ್ಗ ಹೋದಾಗ ನನಗೂ ಹೀಗೇ ಆಗಿತ್ತು' ಅಂತ ಶುರು ಮಾಡಿ. ಆ ಮಗ್ಗದ ವಿಷಯ ಅವರಿಗೆ ಪೂರ್ತಿ ಗೊತ್ತೇ ಇಲ್ಲದಿರಬಹುದು.

ಅದಕ್ಕೂ ಮುಂಚೆ ನಿಮ್ಮ ಅತ್ತೆ ಹತ್ತಿರ ಕೂತ್ಕೊಳ್ಳಿ. ಒಂದು ಮಾತು ಹೇಳಿ ಸುಮ್ಮನಾದರು ಅಂತ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ತುಂಬಾ ಕಾಡಿದ್ದು ಅದೇ. ಅವರೂ ಆ ಮನೆಗೆ ಬೇರೆ ಮನೆಯಿಂದ ಬಂದವರೇ ಅಲ್ವಾ? ಆ ಮನೆಯಲ್ಲಿ ಹೆಚ್ಚು ಹೊತ್ತು ಕಳೆದವರೂ ಅವರೇ ಇರಬೇಕು. 'ಕೆಲಸ ಮುಗಿಸಿ ಎಲ್ಲಿ ಕೂತ್ಕೋತಿದ್ರಿ ಅತ್ತೆ?' ಅಂತ ಕೇಳಿ. ಜಗಲಿ ಅನ್ನಬಹುದು, ಹಿತ್ತಿಲ ಕಟ್ಟೆ ಅನ್ನಬಹುದು. ಆ ಉತ್ತರ ಸಿಕ್ಕ ಮೇಲೆ ನಕ್ಷೆ ಬರೆಸಿ. ಮನೆಯವರು ಎಲ್ಲಿ ಕೂರುತ್ತಿದ್ದರು, ಹೇಗೆ ಉಣ್ಣುತ್ತಿದ್ದರು ಅಂತ ತಿಳಿಯದೆ ಮಾಡಿಸಿದ ಪೀಠೋಪಕರಣ ಎಷ್ಟೇ ಹಳೇ ಮರದ್ದಾದರೂ ಆ ಮನೆಯದು ಅನ್ನಿಸಲ್ಲ.

ಹೆಬ್ಬಾಗಿಲ ವಿಷಯದಲ್ಲಿ ನಾನು ಪೂರ್ತಿ ಅತ್ತೆಯ ಕಡೆ. ಕೆತ್ತನೆ ಇರುವ ಬಾಗಿಲನ್ನು ಮೇಜು ಮಾಡಿದರೆ ಸಂದಿಯಲ್ಲೆಲ್ಲ ಅನ್ನದಗುಳು. ಗಾಜು ಹಾಕಿದರೆ ಮರ ಕೈಗೆ ಸಿಗಲ್ಲ. ಬಾಗಿಲು ಬಾಗಿಲಾಗೇ ಇರಲಿ. ಹಳೇ ಕಾಲದ ಬಾಗಿಲುಗಳು ಸಾಮಾನ್ಯವಾಗಿ ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಹಾಗಾಗಿ ದೇವರ ಮನೆಗೋ ಗೋಡೆ ಕಪಾಟಿಗೋ ಚೆನ್ನಾಗಿ ಹೊಂದುತ್ತೆ. ಬಡಗಿ ಗರಗಸ ಹಿಡಿಯುವ ಮೊದಲು ಒಂದು ನೋಡಿ: ಇಂಥ ಬಾಗಿಲುಗಳಿಗೆ ಎಷ್ಟೋ ಸಲ ಕಬ್ಬಿಣದ ಕೀಲು ಇರಲ್ಲ. ಹಲಗೆಯದೇ ತುದಿಯನ್ನು ಮೇಲೂ ಕೆಳಗೂ ಗೂಟದ ಹಾಗೆ ಉಳಿಸಿರುತ್ತಾರೆ, ಬಾಗಿಲು ಅದರ ಮೇಲೇ ತಿರುಗುತ್ತೆ. ಕೀಲು ಕೂರಿಸೋದು ಸುಲಭ ಅಂತ ಆ ಗೂಟವನ್ನು ಕತ್ತರಿಸಿ ಬಿಸಾಡುವವರಿದ್ದಾರೆ. ದಯವಿಟ್ಟು ಹಾಗೆ ಕತ್ತರಿಸೋಕೆ ಬಿಡಬೇಡಿ. ಅದೇ ಗೂಟದ ಮೇಲೆ ತಿರುಗುವ ಹಾಗೆ ಚೌಕಟ್ಟು ಮಾಡಿಸಿ.

ಊಟದ ಮೇಜಿಗೆ ಮೆತ್ತಿನ ಹಲಸಿನ ಹಲಗೆಯೇ ಸರಿ. ಐದಡಿ ಉದ್ದ, ಮೂರಡಿ ಅಗಲ, 30 ಇಂಚು ಎತ್ತರ ಇದ್ದರೆ ಆರು ಜನ ಕೂರಬಹುದು. ಮೇಲ್ಭಾಗ ಕೀಸಿದರೆ ಹಲಸಿನ ಹೊಂಬಣ್ಣ ತಾನಾಗೇ ಬರುತ್ತೆ, ಬಣ್ಣದ ಪಾಲಿಶ್ ಬೇಡ. ಅಡಿಭಾಗ ಮಾತ್ರ ಕೀಸಿಸಬೇಡಿ. ಬಾಚಿಯ ಗುರುತು, ಒಲೆಯ ಹೊಗೆ ಹಿಡಿದ ಕಪ್ಪು ಅಲ್ಲಿ ಹಾಗೇ ಇರಲಿ, ಒರೆಸಿ ಎಣ್ಣೆ ಹಚ್ಚಿದರೆ ಸಾಕು. ನಿಮ್ಮ ಗಂಡ ಹುಡುಕುತ್ತಿರುವ ಹಳೇ ಮನೆ ಅಲ್ಲಿದೆ.

ಉಯ್ಯಾಲೆ ಬೇಡ ಅನ್ನೋಕೆ ನನಗೂ ಬೇಜಾರು. ಆದರೆ ಹಿಂದೆ ಮುಂದೆ ಎರಡೆರಡು ಅಡಿಯಾದರೂ ಖಾಲಿ ಬಿಡಬೇಕು. ಅಷ್ಟು ಬಿಟ್ಟರೆ ನಿಮ್ಮ ಹಾಲಿನಲ್ಲಿ ಓಡಾಡೋದು ಎಲ್ಲಿ? ಅದೇ ಹಲಗೆಗೆ ಕಾಲು, ಒರಗು, ಎರಡೂ ಕಡೆ ಕೈ ಕೊಟ್ಟು ಜಗಲಿಯಂಥ ಬೆಂಚು ಮಾಡಿಸಿ. ಎತ್ತರ 18 ಇಂಚು ಇರಲಿ, ವಯಸ್ಸಾದವರಿಗೆ ಕೈ ಊರಿ ಏಳೋಕೆ ಸಲೀಸು. ಸರಪಳಿ ಸಿಕ್ಕಿಸುತ್ತಿದ್ದ ತೂತುಗಳನ್ನು ಮುಚ್ಚಿಸಬೇಡಿ.

ಈ ಬೆಂಚಿನಲ್ಲೇ ನಿಮ್ಮ ತವರು ಕೂಡಿಕೊಳ್ಳಬೇಕು ಅಂತ ನನ್ನಾಸೆ. ಕೆಳಗೆ ಎರಡು ಡ್ರಾಯರ್ ಮಾಡಿಸಿ, ಅಪ್ಪನ ಲಾಳಿಗಳನ್ನೇ ಹಿಡಿಯಾಗಿ ಕೂರಿಸಿ. ಅವರ ಕೈಯಲ್ಲಿ ಸವೆದು ನುಣುಪಾದ ಮರ ದಿನಾ ನಿಮ್ಮ ಕೈಗೆ ಸಿಗುತ್ತೆ. ಮೊಳೆ ಹೊಡೆಸಬೇಡಿ, ಲಾಳಿ ಸೀಳುತ್ತೆ. ಎರಡೂ ತುದಿಯನ್ನು ಹಿತ್ತಾಳೆ ಪಟ್ಟಿಯಲ್ಲಿ ಹಿಡಿಸಿದರೆ ಬೇಕಾದಾಗ ಬಿಚ್ಚಬಹುದು. ಖಣದ ಮೇಲೆ ದಿನಾ ಕೂತರೆ ಬಾಳಿಕೆ ಬರಲ್ಲ. ದೇವರ ಮನೆಗೆ ಹೆಬ್ಬಾಗಿಲು ಹಾಕಿಸಿದರೆ ಅದರ ಪಕ್ಕದ ಕಪಾಟಿನ ಬಾಗಿಲಿಗೆ ಗಾಜಿನ ಹಿಂದೆ ಖಣ ಕೂರಿಸಿ. ಬಿಸಿಲು ಬೀಳದ ಜಾಗವಾಗಿರಲಿ, ಇಲ್ಲದಿದ್ದರೆ ಬಣ್ಣ ಮಾಸುತ್ತೆ.

ಹಳೇ ಮನೆಯ ಮರ ತಾನೇ ಅಂತ ಸುಮ್ನೆ ಲಾರಿಗೆ ಹೇರಿಸಬೇಡಿ. ಬೀಟೆ ಸಾಗಿಸೋಕೆ ಅರಣ್ಯ ಇಲಾಖೆಯ ನಿಯಮಗಳಿವೆ. ಅಲ್ಲಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಸಣ್ಣ ತೂತಿಂದ ಹೊಸದಾಗಿ ಪುಡಿ ಉದುರುತ್ತಿದ್ದರೆ ಮರ ಕೊರೆಯುವ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ ಅರ್ಥ, ಆ ಹಲಗೆ ತರಬೇಡಿ. ಮಿಕ್ಕವನ್ನು ಫ್ಲ್ಯಾಟಿನಲ್ಲೇ ನಡುವೆ ಪಟ್ಟಿ ಕೊಟ್ಟು ಪೇರಿಸಿ, ಕೆಲವು ವಾರ ಬಿಡಿ. ಮಲೆನಾಡಿನ ತೇವ ಕುಡಿದ ಹಲಗೆ ಇಲ್ಲಿ ಒಣಗುತ್ತಾ ಅಗಲದಲ್ಲಿ ಕುಗ್ಗುತ್ತೆ. ಆತುರ ಮಾಡಿ ಬಿಗಿದರೆ ಸೀಳು ಬಿಡುತ್ತೆ.

ಅಡ್ವಾನ್ಸ್ ಕೊಟ್ಟಿದ್ದಕ್ಕೆ ಹೆದರಬೇಡಿ. ಮರ ಇನ್ನೂ ಕೊಯ್ದಿಲ್ಲವಲ್ಲ, ನಕ್ಷೆ ಬದಲಿಸಬಹುದು. ಈ ವಾರ ಅತ್ತೆ ಜೊತೆ ಮಾತಾಡಿ, ಆಮೇಲೆ ಗಂಡನ ಜೊತೆ. ಅವ್ವನಿಗೆ ಫೋನ್ ಮಾಡಿ ಲಾಳಿಯ ಉದ್ದ ಅಳೆದು ಹೇಳೋಕೆ ಹೇಳಿ. ಡ್ರಾಯರಿನ ಅಗಲ ಗೊತ್ತುಮಾಡೋಕೆ ಬಡಗಿಗೆ ಅದು ಮೊದಲೇ ಬೇಕು.